ಚಕ್ ಕೀ ಕೈಯಲ್ಲೇ ಇರಲಿ

ಮೊದಲು ಮೂಗಿಗೆ ಬಡಿಯುವುದು ಕೂಲೆಂಟಿನ ನಾತ. ಭಾನುವಾರವೆಲ್ಲ ಮಷೀನುಗಳು ನಿಂತಿದ್ದವು. ಟ್ಯಾಂಕುಗಳಲ್ಲಿ ಉಳಿದ ಹಾಲುಬಣ್ಣದ ಎಣ್ಣೆನೀರು ಕೊಳೆತಿದೆ. ಶಟರ್ ಎತ್ತಿದ ಕೂಡಲೇ ಆ ಹುಳಿವಾಸನೆ ಎದ್ದುಬಂದು ಗಂಟಲಲ್ಲಿ ಕೂರುತ್ತದೆ. ನೀವು ಪೀಣ್ಯ ಎರಡನೇ ಹಂತದಲ್ಲಿ, ಹೆಸರು ಹೇಳಬೇಕಿಲ್ಲದ ಒಂದು ಕಾರ್ಖಾನೆಯ ಬಾಗಿಲಲ್ಲಿ ನಿಂತಿದ್ದೀರಿ. ನಿಮಗೀಗ 18 ವರ್ಷ. ನಿಜವಾದ ವಯಸ್ಸು, ಹುದ್ದೆ, ಮೊಣಕಾಲು ನೋವು ಎಲ್ಲವನ್ನೂ ಸ್ವಲ್ಪ ಹೊತ್ತು ಮರೆತುಬಿಡಿ. ಮೊಬೈಲನ್ನು ವಾಚ್‌ಮನ್ ಆಗಲೇ ಇಸಕೊಂಡಿದ್ದಾನೆ.

ಊರು ಕೊರಟಗೆರೆ ಕಡೆ. ಎಸ್ಸೆಸ್ಸೆಲ್ಸಿ ಪಾಸು, ಪಿಯುಸಿಯಲ್ಲಿ ಲೆಕ್ಕ ಒಂದು ಸಲ ಕೈಕೊಟ್ಟಿತು, ಸಪ್ಲಿಮೆಂಟರಿಯಲ್ಲಿ ಮತ್ತೊಂದು ಸಲ. ಅಪ್ಪ ಬೈಯಲಿಲ್ಲ. ಬೋರ್‌ವೆಲ್ ಸಾಲದ ಕಂತಿನ ತಾರೀಖನ್ನು ಮಾತ್ರ ನಿಮಗೆ ಕೇಳುವಷ್ಟು ಗಟ್ಟಿಯಾಗಿ ಅಮ್ಮನಿಗೆ ಹೇಳಿದ. ಜೇಬಿನಲ್ಲಿ ಆಧಾರ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕಿನ ಜೆರಾಕ್ಸು. ಬಲ ಮಣಿಕಟ್ಟಿನಲ್ಲಿ ಗೊರವನಹಳ್ಳಿ ಲಕ್ಷ್ಮಿ ಗುಡಿಯಿಂದ ತಂದು ಅಮ್ಮ ಕಟ್ಟಿದ ಕೆಂಪು ದಾರ. ಕಾಲಿಗೆ ಕಂಪನಿ ಕೊಟ್ಟ ಸೇಫ್ಟಿ ಶೂ; ಹೊಸ ತೊಗಲು ಹಿಮ್ಮಡಿಯನ್ನು ಈಗಾಗಲೇ ಕಚ್ಚುತ್ತಿದೆ.

ಒಳಗೆ ಹುಡುಗರನ್ನು ಸಾಲಾಗಿ ನಿಲ್ಲಿಸಿದ್ದಾರೆ. ಎದುರಿಗೆ ನಿಂತವರು ಕುಳ್ಳಗೆ, ತೆಳ್ಳಗೆ, ಎದೆಜೇಬಿನಲ್ಲಿ ಉಕ್ಕಿನ ಸ್ಕೇಲು. ಎಲ್ಲರೂ ಅವರನ್ನು ಮೇಷ್ಟ್ರು ಅನ್ನುತ್ತಾರೆ. ಇಲ್ಲಿಂದ ಕೂಗಳತೆ ದೂರದ ಜಾಲಹಳ್ಳಿಯಲ್ಲಿ, 1953ರಲ್ಲಿ ಸ್ವಿಸ್ ಕಂಪನಿ ಓರ್ಲಿಕಾನ್ ಸಹಯೋಗದಿಂದ ಶುರುವಾದ ಎಚ್‌ಎಂಟಿಯಲ್ಲಿ ಕೆಲಸ ಕಲಿತವರು. ಅಲ್ಲಿಂದ ಸ್ವಯಂನಿವೃತ್ತಿ ತಗೊಂಡು ಬಂದ ಮೇಲೂ ಸುಮ್ಮನೆ ಕೂರಲಾಗದೆ ಇಲ್ಲಿಗೆ ಬರುತ್ತಾರೆ. ಅವರು ಸಾಲಿನ ಉದ್ದಕ್ಕೂ ಮುಖ ನೋಡದೆ ಬರೀ ಕೈಗಳನ್ನು ನೋಡುತ್ತಾ ಬಂದು ನಿಮ್ಮ ಮುಂದೆ ನಿಲ್ಲುತ್ತಾರೆ.

"ಏನಯ್ಯ ಇದು ಕೈಲಿ?"

"ದಾರ ಸಾರ್. ದೇವ್ರುದು."

"ತೆಗಿ."

ಬಲಗೈಯ ಗಂಟು ಎಡಗೈಗೆ ಬಿಚ್ಚಿಕೊಳ್ಳುವುದಿಲ್ಲ. ಬೆವರಿಗೆ ಬಿಗಿದಿದೆ. ಪಕ್ಕದ ಹುಡುಗ ಮುಸಿಮುಸಿ ನಗುವುದು ಕೇಳಿಸುತ್ತದೆ. ಮೇಷ್ಟ್ರು ಕತ್ತರಿ ಚಾಚುತ್ತಾರೆ. ನೀವು ತೆಗೆದುಕೊಳ್ಳುವುದಿಲ್ಲ. ಬೆನ್ನಲ್ಲಿ ಬೆವರು ಇಳಿಯುತ್ತದೆ. ಗುಡಿಯ ಮುಂದೆ ಅಮ್ಮ ಇದನ್ನು ಕಟ್ಟುವಾಗ ಬಾಯಲ್ಲೇ ಏನೋ ಗೊಣಗಿದ್ದು ನೆನಪಾಗುತ್ತದೆ. ಮೊದಲ ದಿನ, ಮೊದಲ ಗಳಿಗೆ, ಇದನ್ನೇ ಕತ್ತರಿಸಿಕೊಂಡು ಒಳಗೆ ಹೋಗುವುದೆ?

ಮೇಷ್ಟ್ರು ಜೋರು ಮಾಡುವುದಿಲ್ಲ. ಹತ್ತಿರದ ಲೇತ್ ಚಾಲೂ ಮಾಡುತ್ತಾರೆ. ಅದರ ಚಕ್ಕಿನ ದವಡೆ ಕಚ್ಚಿ ಹಿಡಿದ ಸರಳು ತಿರುಗತೊಡಗಿ ನಿಂತಂತೆಯೇ ಕಾಣುತ್ತದೆ, ಅಷ್ಟು ವೇಗ. ಕಾಟನ್ ವೇಸ್ಟಿನಿಂದ ಒಂದೇ ಒಂದು ಎಳೆಯನ್ನು ಬಿಡಿಸಿ, ಉದ್ದನೆಯ ಕಡ್ಡಿಯ ತುದಿಗೆ ಸುತ್ತಿ, ಸರಳಿನ ಹತ್ತಿರ ತರುತ್ತಾರೆ. ಎಳೆ ತಾಗುತ್ತದೆ. ಕಡ್ಡಿ ಅವರ ಕೈಯಿಂದ ಹಾರಿ, ಸರಳಿಗೆ ಸುತ್ತಿ, ಚಟಚಟನೆ ಮುರಿದು ಚೂರಾಗುತ್ತದೆ. ಕಣ್ಣು ಮಿಟುಕಿಸುವಷ್ಟು ಹೊತ್ತೂ ಹಿಡಿಯುವುದಿಲ್ಲ. ಮುಸಿಮುಸಿ ನಗು ನಿಲ್ಲುತ್ತದೆ.

"ಹರಿದುಹೋಗುತ್ತೆ ಅಂದ್ಕೊಂಡಿರ್ತೀರಿ. ಹರಿಯಲ್ಲ, ಎಳ್ಕೊಳ್ಳುತ್ತೆ. ಗ್ಲೌಸೂ ಅಷ್ಟೆ, ಉದ್ದ ತೋಳೂ ಅಷ್ಟೆ." ಮತ್ತೆ ಕತ್ತರಿ ಚಾಚಿ, ಸ್ವಲ್ಪ ಮೆತ್ತಗೆ, "ಜೇಬಲ್ಲಿಟ್ಕೊ. ಆ ತಾಯಿ ಜೇಬಲ್ಲೂ ಇರ್ತಾಳೆ."

ಕತ್ತರಿ ತಣ್ಣಗಿದೆ. ಕಚಕ್ ಎನ್ನುವ ಸದ್ದು ನಿಮಗೊಬ್ಬರಿಗೇ ಕೇಳಿಸುತ್ತದೆ.

ಆಮೇಲೆ ಕೈಗೆ ಬರುವುದು ಒಂದು ಕಬ್ಬಿಣದ ತುಂಡು, ಒಂದು ಅರ. ತುಂಡು ಎಂಎಸ್, ಅಂದರೆ ಮೆತ್ತನೆಯ ಉಕ್ಕು. ಗರಗಸದಲ್ಲಿ ಕೊಯ್ದ ಮೈ ಒರಟಾಗಿ, ಅಂಚು ಬ್ಲೇಡಿನಷ್ಟು ಚೂಪಾಗಿದೆ. ಆರೂ ಮೈ ಸಪಾಟಾಗಬೇಕು, ಎಲ್ಲ ಮೂಲೆಯೂ 90 ಡಿಗ್ರಿ ಇರಬೇಕು. ಅಪ್ಪಣೆ ಅಷ್ಟೆ. ಮಧ್ಯಾಹ್ನದೊಳಗೆ ಮುಗಿಸಿಬಿಡುತ್ತೇನೆ ಅಂದುಕೊಂಡು ನೀವು ತುಂಡನ್ನು ವೈಸಿಗೆ ಸಿಕ್ಕಿಸಿ ಬಿಗಿಯುತ್ತೀರಿ.

ಕರ್ರ್. ಕರ್ರ್. ಮೊದಮೊದಲು ಹಿತವಾಗಿಯೇ ಇರುತ್ತದೆ. ಅರದ ಹಲ್ಲು ಮುಂದಕ್ಕೆ ಹೋಗುವಾಗ ಮಾತ್ರ ಕಡಿಯುತ್ತದೆ, ಹಿಂದಕ್ಕೆ ಬರುವಾಗ ಭಾರ ಬಿಡಬೇಕು. ತಳ್ಳಲು ಶುರುಮಾಡುವಾಗ ತುದಿ ಹಿಡಿದ ಎಡಗೈಗೆ ಹೆಚ್ಚು ಭಾರ, ತಳ್ಳುತ್ತಾ ಹೋದಂತೆ ಅದು ಹಿಡಿ ಹಿಡಿದ ಬಲಗೈಗೆ ದಾಟಬೇಕು. ಇದನ್ನು ಹೇಳುವುದು ಸುಲಭ. ಭುಜಕ್ಕೆ ಅರ್ಥವಾಗುವುದು ಸುಲಭವಲ್ಲ. ಅರ ತೂಗುತ್ತದೆ, ಮೈಯ ನಡುವೆ ಉಬ್ಬಾಗುತ್ತದೆ. ಉಬ್ಬು ತೆಗೆಯಲು ಹೋದರೆ ಅಂಚು ಇಳಿಯುತ್ತದೆ. ಉಜ್ಜಿದ ಮೈಯನ್ನು ಬೆರಳಿಂದ ಸವರುತ್ತೀರಿ, "ಮುಟ್ಟಬೇಡ" ಎಂಬ ಕೂಗು ಬರುತ್ತದೆ, ಯಾಕೆಂದರೆ ಚರ್ಮದ ಜಿಡ್ಡು ತಾಗಿದ ಕಡೆ ಅರ ಕಚ್ಚದೆ ಜಾರುತ್ತದೆ. ಪುಡಿಯನ್ನು ಬಾಯಿಂದ ಊದುತ್ತೀರಿ, ಇನ್ನೊಂದು ಕೂಗು: "ಊದಬೇಡ, ಕಣ್ಣಿಗೆ ಹಾರುತ್ತೆ, ಬ್ರಷ್ ಎತ್ಕೊ."

ಮೇಷ್ಟ್ರು ಬಂದು ತುಂಡನ್ನು ಬಿಚ್ಚಿ, ಮೂಲೆ ನೋಡುವ ಉಕ್ಕಿನ ಟ್ರೈ ಸ್ಕ್ವೇರ್ ಒತ್ತಿ, ಟ್ಯೂಬ್‌ಲೈಟಿಗೆ ಎದುರಾಗಿ ಹಿಡಿಯುತ್ತಾರೆ. ನಿಮ್ಮನ್ನೂ ಬಗ್ಗಿಸಿ ತೋರಿಸುತ್ತಾರೆ. ಉಕ್ಕಿನ ಅಂಚಿಗೂ ನಿಮ್ಮ ಕಬ್ಬಿಣಕ್ಕೂ ನಡುವೆ ಬೆಳಕಿನ ಒಂದು ಗೀರು. ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. ಅದರ ಹತ್ತರಲ್ಲೊಂದು ಪಾಲು ಸಂದಿ ಇದ್ದರೂ ಬೆಳಕು ನುಸುಳುತ್ತದೆ, ಕಣ್ಣು ಅದನ್ನು ಹಿಡಿಯುತ್ತದೆ. ನಿಮ್ಮ ಸಂದಿಯಲ್ಲಿ ಒಂದು ಎಲೆಕ್ಟ್ರಿಕ್ ತಂತಿ ತೂರಿಸಬಹುದು.

"ಮತ್ತೆ ಮಾಡು."

ಸಂಜೆ ಹೆಗ್ಗನಹಳ್ಳಿಯ ರೂಮಿನಲ್ಲಿ ಮೂಗು ಸೀಟಿದರೆ ಕಪ್ಪು. ಅಂಗೈಯ ಬುಡದಲ್ಲಿ ಎದ್ದ ಬೊಬ್ಬೆ ಒಡೆದು ಉಪ್ಪು ತಾಗಿದ ಹಾಗೆ ಉರಿಯುತ್ತದೆ. ಬೆರಳು ಮಡಚಿದರೆ ಬಿಚ್ಚುವುದಿಲ್ಲ, ಬಿಚ್ಚಿದರೆ ಮಡಚುವುದಿಲ್ಲ. ಮುದ್ದೆ ಮುರಿಯುವುದೇ ಒಂದು ಕೆಲಸವಾಗುತ್ತದೆ. ರಾತ್ರಿ ಕಣ್ಣು ಮುಚ್ಚಿದರೆ ಭುಜ ತಾನಾಗಿ ತಳ್ಳುತ್ತದೆ. ಮಾರನೇ ದಿನ ಅದೇ ತುಂಡು. ಅದರ ಮಾರನೇ ದಿನವೂ. ಉಜ್ಜಿ ಉಜ್ಜಿ ಅದು ಅಳತೆಗಿಂತ ಸಣ್ಣದಾದಾಗ ಮೇಷ್ಟ್ರು ಬೈಯದೆ ಅದನ್ನು ಗುಜರಿ ಡಬ್ಬಕ್ಕೆ ಎಸೆದು ಹೊಸ ತುಂಡು ಕೊಡುತ್ತಾರೆ. ಟಣ್ ಎನ್ನುವ ಆ ಸದ್ದಿಗೆ ನಿಮ್ಮ ಹೊಟ್ಟೆ ಹಿಂಡುತ್ತದೆ. ಆ ಡಬ್ಬದ ಕಡೆ ಒಮ್ಮೆ ಚೆನ್ನಾಗಿ ನೋಡಿಕೊಳ್ಳಿ. ನನ್ನ ಮಟ್ಟಿಗೆ ಈ ಇಡೀ ಕಾರ್ಖಾನೆಯಲ್ಲಿ ನೋಡಬೇಕಾದ ವಸ್ತು ಅದೇ, ಯಾಕೆಂದು ಆಮೇಲೆ ಹೇಳುತ್ತೇನೆ.

ಗೋಡೆಯ ಆಚೆ ಕಂಪ್ಯೂಟರ್ ನಡೆಸುವ ಸಿಎನ್‌ಸಿ ಮಷೀನುಗಳ ಸಾಲಿದೆ. ಗಾಜಿನ ಬಾಗಿಲ ಹಿಂದೆ, ನೀವು ವಾರವಿಡೀ ಮಾಡಲಾಗದ್ದನ್ನು ಅವು ಕ್ಷಣಮಾತ್ರದಲ್ಲಿ ಮಾಡಿ ಬಿಸಾಕುತ್ತವೆ. ಹಾಗಿದ್ದರೆ ಈ ಅರ ಯಾಕೆ? ಕೇಳುವ ಧೈರ್ಯ ಮಾಡುತ್ತೀರಿ. ಮೇಷ್ಟ್ರು ಮೈಕ್ರೋಮೀಟರನ್ನು ನಿಮ್ಮ ಕೈಗಿಟ್ಟು, "ಈ ಗೆರೆ 0.01 ಮಿಲಿಮೀಟರ್. ಓದೋಕೆ ಯಾರು ಬೇಕಾದ್ರೂ ಓದ್ತಾರೆ. ಅಷ್ಟು ಕಬ್ಬಿಣ ತೆಗೆಯೋಕೆ ಎಷ್ಟು ಒತ್ತಬೇಕು ಅಂತ ನಿನ್ನ ಕೈ ಹೇಳಬೇಕು. ಆ ಮಷೀನು ತಪ್ಪು ಮಾಡಿದ ದಿನ ಗೊತ್ತಾಗೋದು ಅಂಥ ಕೈಗೇ" ಅನ್ನುತ್ತಾರೆ. ನಿಮಗೆ ಪೂರ್ತಿ ನಂಬಿಕೆ ಬರುವುದಿಲ್ಲ. ಬರಬೇಕಿಲ್ಲ.

ತಿಂಗಳು ತುಂಬುತ್ತದೆ. ಬ್ಯಾಂಕಿನಿಂದ ಮೆಸೇಜು: 6,000 ರೂಪಾಯಿ. 2019ರಲ್ಲಿ ತಿದ್ದಿದ ಅಪ್ರೆಂಟಿಸ್ ನಿಯಮಗಳಲ್ಲಿ ಹತ್ತನೇ ತರಗತಿ ಪಾಸಾದವರಿಗೆ ಮೊದಲ ವರ್ಷಕ್ಕೆ ಗೊತ್ತುಮಾಡಿದ ಕನಿಷ್ಠ ಮೊತ್ತ ಅದು. ಎರಡನೇ ವರ್ಷ ಶೇ 10ರಷ್ಟು ಏರುತ್ತದೆ. ಕೇಂದ್ರದ ಯೋಜನೆಯಡಿ ಅದರ ಕಾಲುಭಾಗವನ್ನು, 1,500 ರೂಪಾಯಿವರೆಗೆ, ಸರ್ಕಾರ ಭರಿಸುತ್ತದೆ. 1961ರ ಅಪ್ರೆಂಟಿಸ್ ಕಾಯ್ದೆಯ ಕಣ್ಣಿಗೆ ನೀವು ಕಾರ್ಮಿಕರಲ್ಲ, ಕಲಿಯುವವರು. ಪೆಟ್ಟಾದರೆ ಪರಿಹಾರದ ಹೊಣೆ ಮಾಲೀಕರದು. ಕಲಿತು ಮುಗಿದ ಮೇಲೆ ಕೆಲಸ ಕೊಡಲೇಬೇಕು ಎಂಬ ಕಟ್ಟು ಮಾತ್ರ ಅವರಿಗಿಲ್ಲ. ಇದೆಲ್ಲ ಕಾಗದದಲ್ಲಿರುವ ಮಾತು. ನಿಮ್ಮ ತಲೆಯಲ್ಲಿ ಓಡುವುದು ರೂಮಿನ ಬಾಡಿಗೆಯ ಪಾಲು, ಮೆಸ್ಸಿನ ದುಡ್ಡು, ಊರಿಗೆ ಕಳಿಸಲು ಏನು ಉಳಿಯುತ್ತದೆ ಎಂಬ ಲೆಕ್ಕ. ಪಿಯುಸಿಯಲ್ಲಿ ಬಾರದ ಲೆಕ್ಕ ಇಲ್ಲಿ ಬಾಯಲ್ಲೇ ಬರುತ್ತದೆ. ಹೆಚ್ಚೇನೂ ಉಳಿಯುವುದಿಲ್ಲ.

ಆ ರಾತ್ರಿಯೇ ನಿಮ್ಮೂರಿನ ಗೆಳೆಯನ ಫೋನು. ಅವನೂ ಇಲ್ಲೇ ಇದ್ದಾನೆ, ಎರಡು ರಸ್ತೆಯಾಚೆ, ಕಂಟ್ರಾಕ್ಟರ್ ಕಡೆಯಿಂದ ಸೇರಿದವನು. ಬ್ಯಾಡ್ಜಿನಲ್ಲಿ ಅವನೂ 'ಟ್ರೇನಿ'ಯೇ.

"ಇನ್ನೂ ಅರ ಉಜ್ತಾ ಇದೀಯೇನ್ಲಾ? ನನ್ನ ಮೂರನೇ ದಿನಕ್ಕೇ ಪ್ರೆಸ್ ಮೇಲೆ ಕೂರಿಸಿದ್ರು. ಓಟಿ ಸೇರಿ ನಿನ್ನ ಎರಡರಷ್ಟು ಬತ್ತೈತೆ ಮಗಾ. ಭಾನುವಾರ ಬಾ, ಸೂಪರ್‌ವೈಸರ್‌ಗೆ ಹೇಳಿದೀನಿ."

ಎರಡರಷ್ಟು. ಆ ಮಾತು ಕಿವಿಯಲ್ಲಿ ಉಳಿದುಬಿಡುತ್ತದೆ.

ಮಾರನೇ ದಿನ ಮಾಲೀಕರು ನೀವು ನಿಂತ ಬೆಂಚಿನ ಬಳಿ ಬರುತ್ತಾರೆ. ಬಿಳಿ ಶರ್ಟು, ಕಿವಿಗೆ ಫೋನು, ಮುಖದಲ್ಲಿ ಡಿಸ್‌ಪ್ಯಾಚಿನ ಚಿಂತೆ. ಪೀಣ್ಯದ ಎಷ್ಟೋ ಮಾಲೀಕರ ಹಾಗೆ ಇವರೂ ಒಂದು ಕಾಲಕ್ಕೆ ಸರ್ಕಾರಿ ಕಾರ್ಖಾನೆಯಲ್ಲಿ ಮೈ ಬಗ್ಗಿಸಿದವರು. ನಿಮ್ಮ ತುಂಡನ್ನು ಎತ್ತಿ ಬೆಳಕಿಗೆ ಹಿಡಿಯುವ ರೀತಿಯಲ್ಲೇ ಅದು ಗೊತ್ತಾಗುತ್ತದೆ. ನೀವು ಉಸಿರು ಬಿಗಿಹಿಡಿಯುತ್ತೀರಿ.

"ಮೇಷ್ಟ್ರೇ, ಇವರನ್ನ ಇನ್ನೂ ಎಷ್ಟು ದಿನ ಇಲ್ಲಿ ನಿಲ್ಲಿಸ್ತೀರಿ? ಲೈನಲ್ಲಿ ಜನ ಇಲ್ಲ. ಲೋಡಿಂಗ್‌ಗಾದ್ರೂ ಹಾಕಿ."

"ಇನ್ನೂ ಕೈ ಕೂತಿಲ್ಲ ಸಾರ್."

"ಕೈ ಕೂತ ಮೇಲೆ ಎದುರುಗಡೆ ಶೆಡ್ಡಿನವನು ಎರಡು ಸಾವಿರ ಜಾಸ್ತಿ ಕೊಟ್ಟು ಎತ್ತಾಕ್ಕೊಂಡು ಹೋಗ್ತಾನೆ. ನಾನು ಕಲಿಸೋದು, ಅವನು ಉಣ್ಣೋದು. ಟೊಯೋಟಾದವರಾದ್ರೆ ಬಿಡದೀಲಿ ಶಾಲೆನೇ ಕಟ್ತಾರೆ, ಅವರಿಗೆ ನಡೆಯುತ್ತೆ."

ಅವರು ಹೇಳುವುದು ಸುಳ್ಳಲ್ಲ. ಹತ್ತನೇ ತರಗತಿ ಮುಗಿಸಿದ ಹಳ್ಳಿಯ ಬಡಮಕ್ಕಳನ್ನು ಆರಿಸಿ, ಹಾಸ್ಟೆಲಿನಲ್ಲಿಟ್ಟು 3 ವರ್ಷ ಕಲಿಸುವ ಸಂಸ್ಥೆಯನ್ನು ಟೊಯೋಟಾ 2007ರಲ್ಲಿ ಬಿಡದಿಯಲ್ಲಿ ತೆರೆಯಿತು. ಅದಕ್ಕೂ ಬಹಳ ಹಿಂದೆ, ಅಪ್ರೆಂಟಿಸ್ ಕಾಯ್ದೆ ಬರುವ ಮೊದಲೇ, 1960ರಲ್ಲಿ ಆಡುಗೋಡಿಯ ಮೈಕೊ ತನ್ನದೇ ತರಬೇತಿ ಕೇಂದ್ರ ಶುರುಮಾಡಿತ್ತು. ಬಾಷ್ ಹೆಸರಿನಲ್ಲಿ ಅದು ಮುಂದುವರಿಯಿತು. ದೊಡ್ಡವರಿಗೆ ಓಡಿಹೋಗುವ ಹುಡುಗರ ನಷ್ಟ ತಡೆದುಕೊಳ್ಳುವ ಬಲವಿದೆ. ಪೀಣ್ಯದ ಸಣ್ಣ ಘಟಕಕ್ಕೆ ಒಬ್ಬ ಕಲಿತ ಹುಡುಗ ಬಿಟ್ಟುಹೋದರೆ ಒಂದು ಮಷೀನು ನಿಂತಂತೆ. 30 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಘಟಕ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು ಎಂದು ನಿಯಮವಿದೆ ನಿಜ. ಆದರೆ ತೆಗೆದುಕೊಂಡವರಿಗೆ ಕಲಿಸುವುದೂ, ಅವರಿಂದ ಡಬ್ಬ ಹೊರಿಸುವುದೂ ರಿಜಿಸ್ಟರಿನಲ್ಲಿ ಒಂದೇ ಥರ ಕಾಣುತ್ತದೆ.

ನಿಮ್ಮೆದುರಿಗೇ, ನಿಮ್ಮ ತಲೆಯ ಮೇಲೆ ಈ ವ್ಯಾಪಾರ ನಡೆಯುತ್ತಿದೆ. ಕಿವಿ ಬಿಸಿಯಾಗುತ್ತದೆ. ಭಾನುವಾರ ಗೆಳೆಯನ ಶೆಡ್ಡಿಗೆ ಹೋಗಲು ಮನಸ್ಸು ಮಾಡಿರುವ ನೀವು ಮಾಲೀಕರ ಮುಖ ನೋಡಲಾರಿರಿ. ಅವರು ತುಂಡನ್ನು ಮತ್ತೊಮ್ಮೆ ತಿರುಗಿಸಿ, ಒಂದು ಮೂಲೆಯ ಮೇಲೆ ಉಗುರಾಡಿಸಿ, ಬೆಂಚಿನ ಮೇಲಿಡುತ್ತಾರೆ. "ಈ ಮೂಲೆ ಇಳಿದಿದೆ" ಅನ್ನುತ್ತಾರೆ. ಆಮೇಲೆ, ಹೊರಡುತ್ತಾ, "ಆಯ್ತು, ಈ ತಿಂಗಳು ಇರಲಿ." ಅವರ ಒಂದು ತಿಂಗಳ ದುಡ್ಡು ನಿಮ್ಮ ಕೈಯ ಮೇಲೆ ಹೂಡಿಕೆಯಾಯಿತು. ಲಾಭ ಯಾರಿಗೋ, ಅವರಿಗೂ ಗೊತ್ತಿಲ್ಲ.

ಶುಕ್ರವಾರ ನಿಮ್ಮನ್ನು ಮೊದಲ ಬಾರಿ ಲೇತಿನ ಮುಂದೆ ನಿಲ್ಲಿಸುತ್ತಾರೆ.

ಎದೆ ಹೊಡೆದುಕೊಳ್ಳುತ್ತಿದೆ; ಇಷ್ಟು ದಿನ ದೂರದಿಂದ ನೋಡಿದ ಹಸಿರು ಮಷೀನು ಈಗ ಹೊಟ್ಟೆಗೆ ತಾಗುವಷ್ಟು ಹತ್ತಿರ. ಕಾಂಕ್ರೀಟು ಬೂಟಿನೊಳಗಿಂದ ಅದರ ನಡುಕವನ್ನು ಮೇಲಕ್ಕೆ ಕಳಿಸುತ್ತದೆ. 25 ಮಿಲಿಮೀಟರ್ ಸರಳನ್ನು ಚಕ್ಕಿನ ಮೂರು ದವಡೆಗಳ ನಡುವೆ ಇಡುತ್ತೀರಿ. ಚಕ್ ಕೀ, ಮುಷ್ಟಿ ತುಂಬುವ ಟಿ ಆಕಾರದ ಉಕ್ಕಿನ ಕೀಲಿ, ಅದರ ಚೌಕದ ತೂತಿಗೆ ಕೂರುತ್ತದೆ. ತಿರುಗಿಸುತ್ತೀರಿ, ದವಡೆ ಕಚ್ಚುತ್ತದೆ. ಇನ್ನೂ ಬಿಗಿ. ಇನ್ನೂ. ತೋಳು ಅರದ ಜೊತೆ ಗುದ್ದಾಡಿ ಗಟ್ಟಿಯಾಗಿದೆ, ಅದು ನಿಮಗೇ ಈಗ ಗೊತ್ತಾಗಿ ಒಳಗೊಳಗೇ ಖುಷಿ. ಪಕ್ಕದ ಲೇತಿನ ಹುಡುಗ ಏನೋ ಕೂಗುತ್ತಾನೆ. ತಿರುಗಿ ನೋಡುತ್ತೀರಿ. ನಗುತ್ತಾನೆ. ನೀವೂ ನಗುತ್ತೀರಿ. ಕೈ ಲಿವರಿಗೆ ಹೋಗುತ್ತದೆ. ಬೆರಳು ಸುತ್ತುತ್ತದೆ. ಎತ್ತಬೇಕು, ಅಷ್ಟೇ.

ಮಣಿಕಟ್ಟಿನ ಮೇಲೆ ಏನೋ ಬೀಳುತ್ತದೆ. ಕಬ್ಬಿಣದ ಹಾಗೆ. ನೋವು ಮೊಣಕೈವರೆಗೆ ಓಡುತ್ತದೆ.

ಮೇಷ್ಟ್ರ ಕೈ. ಅವರು ಮಾತಾಡುವುದಿಲ್ಲ. ಗದ್ದದಿಂದ ಚಕ್ಕಿನ ಕಡೆ ತೋರಿಸುತ್ತಾರೆ. ನೋಡುತ್ತೀರಿ.

ಕೀ ಅಲ್ಲೇ ಇದೆ. ತೂತಿನಲ್ಲೇ ನಿಂತಿದೆ, ನೇರ ನಿಮ್ಮ ಮುಖದ ಕಡೆ ಮುಖ ಮಾಡಿಕೊಂಡು. ಲಿವರ್ ಎದ್ದಿದ್ದರೆ ಚಕ್ಕು ನಿಮಿಷಕ್ಕೆ 400 ಸುತ್ತಿನ ವೇಗಕ್ಕೆ ಏರುತ್ತಿತ್ತು. ಮೊದಲ ಸುತ್ತು ಮುಗಿಯುವ ಮುಂಚೆಯೇ ಆ ಉಕ್ಕಿನ ತುಂಡು ಹೊರಕ್ಕೆ ಹಾರುತ್ತಿತ್ತು. ನಿಮ್ಮ ಹಲ್ಲಿಗೋ, ಕಣ್ಣಿಗೋ, ನಗುತ್ತಿದ್ದ ಆ ಹುಡುಗನ ಹಣೆಗೋ. ನಾಲಗೆ ಒಣಗುತ್ತದೆ. ಮಂಡಿ ತಾನಾಗಿ ನಡುಗುತ್ತದೆ, ನಿಲ್ಲಿಸಲಾಗುವುದಿಲ್ಲ. ಬಾಯಲ್ಲಿ ತಾಮ್ರದ ರುಚಿ, ಕೆನ್ನೆಯ ಒಳಭಾಗವನ್ನು ಕಚ್ಚಿಕೊಂಡಿದ್ದೀರಿ.

ಶಿಕ್ಷೆ ಸಣ್ಣದು. ಆ ದಿನವೆಲ್ಲ ಚಕ್ ಕೀ ನಿಮ್ಮ ಕೈಬಿಡುವಂತಿಲ್ಲ. ನೀರು ಕುಡಿಯುವಾಗ ಕೈಯಲ್ಲಿ, ಟೀಗೆ ಹೋದಾಗ ಕೈಯಲ್ಲಿ. ಮಧ್ಯಾಹ್ನ ಬಲಗೈಯಲ್ಲಿ ಅನ್ನ ಕಲಸುತ್ತೀರಿ, ಎಡಗೈಯಲ್ಲಿ ಕೀ ಹಿಡಿದಿರುತ್ತೀರಿ. ಸೀನಿಯರುಗಳು ನೋಡಿ ನಗುತ್ತಾರೆ, ಆದರೆ ಆ ನಗೆಯಲ್ಲಿ ಚುಚ್ಚು ಇಲ್ಲ. ಅವರಲ್ಲಿ ಎಷ್ಟೋ ಜನ ಒಂದು ದಿನ ಹೀಗೇ ಊಟ ಮಾಡಿದವರು. ಸಂಜೆಯ ಹೊತ್ತಿಗೆ ಕೀಯ ಚೌಕ ತುದಿ ಅಂಗೈಯಲ್ಲಿ ಅಚ್ಚೊತ್ತಿದೆ. ಇದು ಪಾಠ ಹೇಳುವ ಕ್ರಮವೇ ಎಂದು ಯಾರಾದರೂ ಶಿಕ್ಷಣತಜ್ಞರು ಕೇಳಬಹುದು. ಅಷ್ಟು ಜನರ ಮುಂದೆ ಹುಡುಗನನ್ನು ಹಾಗೆ ಕೂರಿಸುವುದು ನನಗೂ ಪೂರ್ತಿ ಸರಿ ಕಾಣುವುದಿಲ್ಲ. ಆದರೂ ಆ ಕೈ ಇನ್ನು ಮೇಲೆ ಕೀ ತೆಗೆಯದೆ ಲಿವರ್ ಮುಟ್ಟುವುದಿಲ್ಲ ಎನ್ನುವುದಕ್ಕೆ ಬೇಕಾದರೆ ಪಂಥ ಕಟ್ಟುತ್ತೇನೆ.

ಭಾನುವಾರ. ಎರಡು ರಸ್ತೆಯಾಚೆಯ ಶೆಡ್ಡು.

ಸದ್ದು ಮೊದಲು ನೆಲದಿಂದ ಬರುತ್ತದೆ. ಢಕ್. ಢಕ್. ಢಕ್. ಎದೆಗೂಡಿನೊಳಗೆ ತಗಲುವ ಹೊಡೆತ. ತಗಡಿನ ಸೂರಿನ ಕೆಳಗೆ ಕಾವು, ಗ್ರೀಸಿನ ವಾಸನೆ, ಕೊಯ್ದ ತಗಡಿನ ಚೂರುಗಳ ರಾಶಿ. ಇಲ್ಲಿ ಬೆಂಚೂ ಇಲ್ಲ, ವೈಸೂ ಇಲ್ಲ, ಸಾಲಾಗಿ ಪ್ರೆಸ್ಸುಗಳು, ಒಂದೊಂದರ ಮುಂದೆ ಒಂದು ಸ್ಟೂಲು, ಸ್ಟೂಲಿನ ಮೇಲೆ ನಿಮ್ಮದೇ ವಯಸ್ಸಿನ ಮುಖ. ಗೆಳೆಯ ಕೈಬೀಸಿ ಕರೆಯುತ್ತಾನೆ, ಆದರೆ ನಿಲ್ಲಿಸುವುದಿಲ್ಲ, ಲೆಕ್ಕ ತಪ್ಪುತ್ತದೆ. ಎಡಗೈ ತಗಡು ಇಡುತ್ತದೆ, ಕಾಲು ಪೆಡಲ್ ತುಳಿಯುತ್ತದೆ, ಢಕ್, ಬಲಗೈ ತುಂಡು ತೆಗೆಯುತ್ತದೆ. ಆ ಕೈಗಳನ್ನು ನೋಡಿ ನಿಮಗೆ ಹೊಟ್ಟೆಕಿಚ್ಚಾಗುತ್ತದೆ. ಎಷ್ಟು ಬೇಗ ಕಲಿತ!

ಸೂಪರ್‌ವೈಸರ್ ಒಳ್ಳೆಯ ಮನುಷ್ಯ. ಬೆನ್ನು ತಟ್ಟುತ್ತಾನೆ, ಟೀ ತರಿಸುತ್ತಾನೆ. "ಕೂತ್ಕೋ ನೋಡೋಣ. ಕೈ ಕುದುರಿದ್ರೆ ನಾಳೆಯಿಂದ್ಲೇ ಬಾ."

ಗೆಳೆಯ ಎದ್ದು ಜಾಗ ಬಿಡುತ್ತಾನೆ. ಸ್ಟೂಲು ಬೆಚ್ಚಗಿದೆ.

30 ಟನ್ ಪ್ರೆಸ್ಸು. ತಲೆಯ ಮೇಲೆ ಫ್ಲೈವೀಲ್ ಗುಂಯ್‌ಗುಟ್ಟುತ್ತಿದೆ. ಇದು ಹಳೆಯ ಜಾತಿಯ ಕ್ಲಚ್ಚು: ಪೆಡಲ್ ತುಳಿದರೆ ಒಳಗಿನ ಕೀಲಿ ಫ್ಲೈವೀಲಿಗೆ ಕಚ್ಚಿಕೊಂಡು ಅಚ್ಚು ಕೆಳಗಿಳಿಯುತ್ತದೆ. ಒಮ್ಮೆ ಇಳಿಯತೊಡಗಿತೋ, ಪೂರ್ತಿ ಒಂದು ಸುತ್ತು ಮುಗಿಯುವವರೆಗೆ ಯಾರ ಕೈಯಲ್ಲೂ ನಿಲ್ಲಿಸಲಾಗುವುದಿಲ್ಲ. ಕ್ಲಚ್ಚಿನ ಸ್ಪ್ರಿಂಗ್ ಸೋತಿದ್ದರೆ, ನೀವು ತುಳಿಯದೆಯೇ ಅದು ಎರಡನೇ ಸಲವೂ ಬೀಳಬಹುದು. ಇದನ್ನು ನಿಮಗೆ ಇಲ್ಲಿ ಯಾರೂ ಹೇಳುವುದಿಲ್ಲ. ಬೇರೆ ಕಡೆ, ಎರಡೂ ಕೈಯಿಂದ ಎರಡು ಬಟನ್ ಒಟ್ಟಿಗೆ ಒತ್ತಿದರೆ ಮಾತ್ರ ಇಳಿಯುವ ಪ್ರೆಸ್ಸುಗಳಿವೆ. ಬಟನಿನ ಮೇಲಿರುವ ಕೈ ಅಚ್ಚಿನ ಕೆಳಗೆ ಹೋಗಲಾರದು. "ಇಲ್ಲೂ ಹಾಕ್ಸಿದ್ರಂತೆ, ಪ್ರೊಡಕ್ಷನ್ ಬರಲ್ಲ ಅಂತ ತೆಗೆಸಿದ್ರು" ಅನ್ನುತ್ತಾನೆ ಗೆಳೆಯ, ಮಾಮೂಲಿ ಸಂಗತಿಯ ಹಾಗೆ.

ಮೊದಲ ತಗಡು. ತುಳಿತ. ಢಕ್. ಹೊಡೆತ ಹಲ್ಲಿಗೆ ತಾಗುತ್ತದೆ. ತೆಗೆಯುತ್ತೀರಿ. ಇನ್ನೊಂದು. ಢಕ್. ಮತ್ತೊಂದು. ಢಕ್. ಲಯ ಸಿಕ್ಕಿಬಿಡುತ್ತದೆ, ಆಶ್ಚರ್ಯ, ಎಷ್ಟು ಸುಲಭ. ಸೂಪರ್‌ವೈಸರ್ "ಭೇಷ್" ಅನ್ನುತ್ತಾನೆ. ಎರಡರಷ್ಟು ಸಂಬಳ, ಅಪ್ಪನ ಕಂತು, ತಂಗಿಯ ಕಾಲೇಜಿನ ಫೀಸು. ಢಕ್. ತಗಡು ಅಚ್ಚಿಗೆ ಅಂಟಿಕೊಳ್ಳುತ್ತದೆ. ಬರುವುದಿಲ್ಲ. ಉಗುರಿಗೆ ಸಿಗುವುದಿಲ್ಲ. "ಎಳಿ ಎಳಿ, ಏನಾಗಲ್ಲ." ಬಗ್ಗುತ್ತೀರಿ. ಎರಡು ಬೆರಳು ಒಳಗೆ ಹೋಗುತ್ತವೆ. ಮೂರು. ಅಂಚು ಸಿಗುತ್ತಿದೆ. ಮೈ ಮುಂದಕ್ಕೆ ವಾಲಿದಂತೆ ಬಲಗಾಲಿಗೆ ಭಾರ ಬರುತ್ತದೆ. ಕಾಲಿನ ಕೆಳಗೆ ಪೆಡಲು.

ಪೆಡಲು.

ನೀವು ಯೋಚಿಸುವುದಿಲ್ಲ. ಯೋಚಿಸಲು ಹೊತ್ತಿಲ್ಲ. ಕೀ ಹಿಡಿದ ಗುರುತು ಇನ್ನೂ ಮಾಸದ ಕೈ ತಾನಾಗಿ ಹಿಂದೆ ಬರುತ್ತದೆ, ಕಾಲು ಪೆಡಲಿನಿಂದ ಆಚೆ ಬೀಳುತ್ತದೆ, ಸ್ಟೂಲು ಹಿಂದಕ್ಕೆ ಉರುಳುತ್ತದೆ. ಅಚ್ಚು ಮೇಲೆಯೇ ನಿಂತಿದೆ. ಏನೂ ಆಗಿಲ್ಲ. ಆದರೆ ನಿಮ್ಮ ಹತ್ತೂ ಬೆರಳುಗಳಲ್ಲಿ ರಕ್ತ ಬಡಿಯುವುದು ಒಂದೊಂದಾಗಿ ಗೊತ್ತಾಗುತ್ತಿದೆ.

"ಇದನ್ನ ಆಫ್ ಮಾಡಿ ತೆಗೀಬೇಕಲ್ವಾ? ಚಿಮಟ ಗಿಮಟ ಇಲ್ವಾ?"

ಸೂಪರ್‌ವೈಸರ್ ನಗುತ್ತಾನೆ. "ಅರ್ಧ ಟೈಮು ಅದಕ್ಕೇ ಹೋಗುತ್ತಪ್ಪ."

1948ರ ಕಾರ್ಖಾನೆ ಕಾಯ್ದೆ ಬರೆದವರಿಗೆ ಈ ಸ್ಟೂಲು ಗೊತ್ತಿತ್ತು. ಅಪಾಯದ ಮಷೀನಿನ ಬಗ್ಗೆ ಪೂರ್ತಿ ತಿಳಿಸದೆ, ಸಾಕಷ್ಟು ತರಬೇತಿಯಾಗಲಿ ಪಳಗಿದವರ ಕಣ್ಗಾವಲಾಗಲಿ ಇಲ್ಲದೆ ಎಳೆಯರನ್ನು ಅದರ ಮುಂದೆ ಕೂರಿಸಬಾರದು ಎಂದು 23ನೇ ಕಲಮಿನಲ್ಲಿ ಬರೆದರು. ಎಳೆಯರು ಅಂದರೆ 18 ತುಂಬದವರು. ನಿಮಗೆ ತುಂಬಿದೆ. ಗೆಳೆಯನಿಗೂ ತುಂಬಿದೆ. ಹುಟ್ಟುಹಬ್ಬ ಕಳೆದ ಮೇಲೆ ಬೆರಳುಗಳು ಒಮ್ಮೆಲೇ ಜಾಣವಾಗುತ್ತವೆ ಎಂಬ ಲೆಕ್ಕವಿರಬೇಕು.

ಈಗ ಹೇಳಿ. ಬೇಡ ಅಂದರೆ ನಾಳೆ ಮತ್ತೆ ಅರ, 6,000, ಕಪ್ಪು ಮೂಗು, ಊರಿಗೆ ಕಳಿಸಲು ಉಳಿಯುವ ಚಿಲ್ಲರೆ. ಹೂಂ ಅಂದರೆ ಈ ತಿಂಗಳ ಕಂತು ಸಲೀಸು. ಎರಡು ಕಡೆಯೂ ನಿಮಗೆ ಕೊಟ್ಟ ಬ್ಯಾಡ್ಜು ಒಂದೇ. ಸೂಪರ್‌ವೈಸರ್ ಕೈಯಲ್ಲಿ ಟೀ ಲೋಟ ಹಿಡಿದು ಕಾಯುತ್ತಿದ್ದಾನೆ. ಗೆಳೆಯ ಕಣ್ಣಲ್ಲೇ ಒಪ್ಪಿಕೋ ಅನ್ನುತ್ತಿದ್ದಾನೆ; ಜೊತೆಗೊಬ್ಬ ಊರಿನವನು ಬೇಕು ಅವನಿಗೆ.

"ಯೋಚನೆ ಮಾಡಿ ಹೇಳ್ತೀನಿ ಸಾರ್" ಅನ್ನುತ್ತೀರಿ. ಇಬ್ಬರಿಗೂ ಅರ್ಥವಾಗುತ್ತದೆ.

ಗೆಳೆಯ ಸ್ಟೂಲು ಎತ್ತಿ ನಿಲ್ಲಿಸಿ ಕೂರುತ್ತಾನೆ. "ಹೆದರ್ಕೊಂಡ್ಯೇನ್ಲಾ?"

"ಹೂಂ ಕಣ್ಲಾ."

ಹೆದರಿಕೆಯನ್ನು ಹಾಗೆ ಬಾಯಿಬಿಟ್ಟು ಒಪ್ಪಿಕೊಳ್ಳುವುದನ್ನು ನಿಮಗೆ ಕಲಿಸಿದ್ದು ಯಾರು ಎಂದು ಅವನು ಕೇಳುವುದಿಲ್ಲ. ಅವನ ಬೆರಳುಗಳೆಲ್ಲ ನೆಟ್ಟಗಿವೆ. ಅದರಲ್ಲಿ ಕಂಪನಿಯ ಪಾಲು ಏನೂ ಇಲ್ಲ.

ಇಲ್ಲಿಗೆ ನಿಮ್ಮ ವಯಸ್ಸು ನಿಮಗೆ ವಾಪಸ್ಸು. ಇನ್ನು ಮೇಲೆ ಅಪ್ಪ ಅಮ್ಮಂದಿರಾಗಿ, ಮಾಲೀಕರಾಗಿ ಕೇಳಿ. ಆ ಗುಜರಿ ಡಬ್ಬವನ್ನು ನೋಡಿಕೊಳ್ಳಿ ಅಂದಿದ್ದೆ. ಹುಡುಗ ಕೆಡಿಸಿದ ಕಬ್ಬಿಣ ಅದರಲ್ಲಿ ಬಿದ್ದಿದ್ದರೆ ಅಲ್ಲಿ ಕಲಿಸುತ್ತಿದ್ದಾರೆ ಎಂದು ನಂಬಬಹುದು. ಯಾರ ಡಿಸ್‌ಪ್ಯಾಚೂ ಅವನ ಕೈಯನ್ನು ಕಾಯದೆ ಇರುವ ದಿನಗಳಲ್ಲಿ ಅವನು ತಪ್ಪುಮಾಡಲಿ ಎಂದು ಯಾರೋ ದುಡ್ಡು ಎತ್ತಿಟ್ಟಿದ್ದಾರೆ. ಮೂರನೇ ದಿನಕ್ಕೇ ಲೆಕ್ಕಕ್ಕೆ ಮಾಲು ಎಣಿಸುವ ಕಡೆ 'ಟ್ರೇನಿ' ಎನ್ನುವುದು ಕಡಿಮೆ ಸಂಬಳದ ಇನ್ನೊಂದು ಹೆಸರು, ಗೆಳೆಯನಿಗೆ ಸಿಗುವ ಎರಡರಷ್ಟು ದುಡ್ಡನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಮಾಲೀಕರಿಗೆ ಹೇಳುವುದಿಷ್ಟು: ಎದುರು ಶೆಡ್ಡಿನವನು ಎತ್ತಿಕೊಂಡು ಹೋಗುತ್ತಾನೆ ಎಂಬ ನಿಮ್ಮ ದೂರು ನಿಜ, ಆದರೆ ನೀವೂ ಯಾರದೋ ಕಾರ್ಖಾನೆಯಲ್ಲಿ ಕಲಿತು ಎದ್ದುಬಂದವರೇ. ಮನೆಯ ಹುಡುಗನನ್ನೋ ಹುಡುಗಿಯನ್ನೋ ಸೇರಿಸಲು ಹೊರಟವರು ಅಪ್ರೆಂಟಿಸ್ ಒಪ್ಪಂದದ ಪ್ರತಿಯನ್ನು ಕೇಳಿ ಪಡೆಯಿರಿ. ಸರ್ಕಾರದ ಅಪ್ರೆಂಟಿಸ್ ಪೋರ್ಟಲಿನಲ್ಲಿ ಅದು ನೋಂದಣಿಯಾಗಿರಬೇಕು, ಅದಕ್ಕೊಂದು ಸಂಖ್ಯೆ ಇರುತ್ತದೆ. ಆಮೇಲೆ, ಮೊದಲ ತಿಂಗಳು ಮಗು ಯಾವ ಜಾಗದಲ್ಲಿ ನಿಲ್ಲುತ್ತದೆ, ಪಕ್ಕದಲ್ಲಿ ಯಾರಿರುತ್ತಾರೆ, ತೋರಿಸಿ ಅನ್ನಿ. ಒಳಗೆ ಬಿಡುವುದಿಲ್ಲ ಅಂದರೆ ಮಗುವನ್ನು ಕರೆದುಕೊಂಡು ಬೇರೆ ಗೇಟಿಗೆ ಹೋಗಿ.